ಇಗರ್ಜಿಯ ಮರಣಪುಸ್ತಕ

ಅರವತ್ತರ ದಶಕದಲ್ಲಿ, ಶಾಲೆ ಮಾಷ್ಟರಾಗಿದ್ದ ನಾನು ಊರಿನ ಚರಿತ್ರೆ ಬರೆಯುವ ಹುಚ್ಚಿನಲ್ಲಿ ಶನಿವಾರಗಳಂದು ಕುಂದಾಪುರದ ಕಡೆಯ ಒಂದು ಹಳೆಯ ಇಗರ್ಜಿಯ, ಅಂದರೆ ಚರ್ಚಿನ, ಪುಸ್ತಕಕೋಣೆಗೆ ಹೋಗುತ್ತಿದ್ದೆ. ಕೋಣೆ ನೋಡಿಕೊಳ್ಳುತ್ತಿದ್ದ ಮುದುಕರನ್ನು ಆ ಕಡೆ ಕ್ರೈಸ್ತರನ್ನು ಕರೆಯುವ ಹಾಗೆ ಎಲ್ಲರೂ ಪೊರ್ಬುಗಳೆಂದೇ ಕರೆಯುತ್ತಿದ್ದರು. ಸತ್ತವರ ಹೆಸರು ಬರೆಯುವುದೂ ಅವರದೇ ಕೆಲಸ. ಎಲೆಯಡಿಕೆ ಉಗಿದು, ಬಾಯಿ ತೊಳೆದು, ಕೈಯನ್ನು ಎರಡು ಸಲ ಪಂಚೆಗೆ ಒರೆಸಿದ ಮೇಲೆಯೇ ಪುಸ್ತಕ ಮುಟ್ಟುತ್ತಿದ್ದರು. ಮಳೆಗಾಲ ಕಳೆದರೆ ಮರಣಪುಸ್ತಕಗಳನ್ನು ಜಗಲಿಯ ಬಿಸಿಲಿಗೆ ಹರಡಿ, ಹಾಳೆಹಾಳೆಯ ಹುಳವನ್ನೂ ನವಿಲುಗರಿಯಿಂದ ಸರಿಸುವರು.

“ಬರ್ದದ್ ಮಾತ್ರ ಉಳಿತ್ತ್, ಮಾಷ್ಟ್ರೇ,” ಎನ್ನುವುದು ಅವರ ಮಾತು.

ಒಂದು ಮಧ್ಯಾಹ್ನ ಅವರ ಹೆಂಡತಿ ಗಂಜಿ ತಂದಾಗಲೂ ಅದನ್ನೇ ಹೇಳುತ್ತಿದ್ದರು. ಆಕೆ ಪಾತ್ರೆ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ನಮ್ ಮಗು ಈ ಪುಸ್ತಕ್ದಗ್ ಇಲ್ಲೆ, ಮಾಷ್ಟ್ರೇ. ಜ್ಞಾನಸ್ನಾನ ಆಯಿ ಹೆಸ್ರ್ ಇಡುಕ್ ಮುಂಚೆ ಸತ್ತ್‌ಹೋಯ್ತ್. ಅಂಥ ಮಕ್ಳನ್ನ ಬರಿಯೂಕಾಗ ಅಂದ್ರ್. ಸ್ಮಶಾನದ ಗ್ವಾಡಿ ಹೊರ್ಗೆ ಹುಗ್ದ್ರ್.”

“ಯಾರ್ ಅಂದದ್ದ್?”

“ಇವ್ರೇ. ಪೆನ್ನ್ ಇವ್ರ ಕೈಯಗೇ ಇದ್ದಿತ್.”

ತೆರೆದ ಹಾಳೆಯಲ್ಲಿ ಯಾರದೋ ಮಗುವಿನ ಹೆಸರಿನ ಮೇಲೆ ಹುಳವೊಂದು ಕೂತಿತ್ತು. ಪೊರ್ಬುಗಳು ಅದನ್ನು ನವಿಲುಗರಿಯಿಂದ ಮೆಲ್ಲನೆ ಸರಿಸಿದರು.