ಒಬ್ಬಳಿಗಾಗಿ ಲ್ಯಾಟಿನ್

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಬೆಳಗಿನ ರೈಲಿನಲ್ಲಿ ವೆಂಕಟಪ್ಪ ಮೇಷ್ಟ್ರು ಕಣ್ಣು ಮುಚ್ಚಿ, ಊಟದ ಡಬ್ಬಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಲ್ಯಾಟಿನ್ ಪದ್ಯ ಹೇಳುತ್ತಿದ್ದರು. ಕಚ್ಚೆಪಂಚೆ, ಮೇಲೊಂದು ಕರಿ ಕೋಟು, ಹಣೆಯಲ್ಲಿ ಕುಂಕುಮ. ಸೊಪ್ಪು ಮಾರುವ ಹೆಂಗಸರು ಅದನ್ನು ಮಂತ್ರವೆಂದೇ ತಿಳಿದು, ಅವರು ನಿಲ್ಲಿಸುವ ತನಕ ಗಪ್‌ಚುಪ್ಪಾಗಿ ಕೂತಿರುತ್ತಿದ್ದರು. ಒಬ್ಬಾಕೆಯಂತೂ ಮಗುವನ್ನೇ ತಂದು ಅವರ ತೊಡೆಯ ಮೇಲಿಟ್ಟಳು. ನಿದ್ದೆಯಲ್ಲಿ ಬೆಚ್ಚಿಬೀಳುತ್ತಾನಂತೆ, ಒಂದು ಮಂತ್ರ ಹಾಕಬೇಕಂತೆ. ಇದು ಮಂತ್ರವಲ್ಲ, ಯುದ್ಧದ ಕಥೆ ಎಂದು ಮೇಷ್ಟ್ರು ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ಕೊನೆಗೆ ಮಗುವಿನ ತಲೆ ಮುಟ್ಟಿ ನಾಲ್ಕು ಸಾಲು ಹೇಳಿದರು. ಮುಂದಿನ ವಾರ ಆಕೆ ಒಂದು ಕಟ್ಟು ನುಗ್ಗೆಕಾಯಿ ತಂದುಕೊಟ್ಟಳು. ಲ್ಯಾಟಿನ್ನಿಗೆ ಇಷ್ಟು ಮರ್ಯಾದೆ ರೋಮಿನಲ್ಲೂ ಸಿಕ್ಕಿರಲಾರದು ಎಂದು ನಾನು ರೇಗಿಸಿದೆ.

ಮೇಷ್ಟ್ರು ಬಂಗಾರಪೇಟೆ ಪಕ್ಕದ ಹಳ್ಳಿಯ ರೈತರ ಮನೆಯವರು. ದನ ಕಾಯುವ ವಯಸ್ಸಿನಲ್ಲಿ ಒಬ್ಬ ಮುದುಕ ಪಾದ್ರಿಯ ಕೈಗೆ ಸಿಕ್ಕಿ ಲ್ಯಾಟಿನ್ ಕಲಿತರು. ಮಾರಿಕುಪ್ಪಂ ಚಿನ್ನದ ಗಣಿಯ ಅಧಿಕಾರಿಗಳ ಮಕ್ಕಳು ಓದುವ ಇಂಗ್ಲಿಷ್ ಶಾಲೆಯಲ್ಲಿ ಅವರು ಲ್ಯಾಟಿನ್ ಮೇಷ್ಟ್ರು, ನಾನು ಕನ್ನಡದವನು. ನಮ್ಮ ತರಗತಿಗಳ ನಡುವೆ ಹಲಗೆಯ ಗೋಡೆ ಇದ್ದುದರಿಂದ ನನ್ನ ಹುಡುಗರಿಗೂ ಅರ್ಧ ಲ್ಯಾಟಿನ್ ಬರುತ್ತಿತ್ತು.

ರೋಮನ್ನರ ಕಾವ್ಯದಲ್ಲಿ ವೀರನೆಂದರೆ ಯಾರು ಎಂಬುದು ಅವರಿಗೆ ಅತ್ಯಂತ ಪ್ರಿಯವಾದ ಪಾಠ. ಕತ್ತಿ ಬೀಸುವುದು ಯಾರಿಗೂ ಬರುತ್ತದೆ. ಹೆತ್ತವರನ್ನು, ದೇವರನ್ನು, ತನ್ನನ್ನು ನಂಬಿದ ಜನರನ್ನು ಕೈಬಿಡದೆ, ತನ್ನ ಆಸೆಯನ್ನು ನುಂಗಿಕೊಂಡು ನಡೆಯುವವನೇ ವೀರ ಎನ್ನುತ್ತಿದ್ದರು. ಅದಕ್ಕೆ ಅವರಲ್ಲಿ 'ಪಿಯೆತಾಸ್' ಎಂಬ ಮಾತಿದೆಯಂತೆ. ಕನ್ನಡದಲ್ಲಿ ಏನೆನ್ನಬೇಕೆಂದು ನನ್ನನ್ನು ಪೀಡಿಸಿದರು. ಭಕ್ತಿ ಎಂದರೆ ಸಾಲದು, ಕರ್ತವ್ಯ ಎಂದರೆ ಒಣಕಲು. ಋಣ ಎಂದು ಹೇಳಿ ನೋಡಿದೆ. ಎರಡು ದಿನ ಸಂತೋಷವಾಗಿದ್ದು, ಮೂರನೆಯ ದಿನ ಅದನ್ನೂ ತಳ್ಳಿಹಾಕಿದರು. "ಋಣ ತೀರ್ತದೆ ಸಾರ್. ಇದು ತೀರಾಕಿಲ್ಲ." ಕಾವ್ಯದ ವೀರ ತಾನು ಒಲಿದ ರಾಣಿಯನ್ನು ಬಿಟ್ಟು ಹೊರಡುವ ಭಾಗ ಬಂದಾಗ ಅವರಾಡುವ ಮಾತನ್ನಂತೂ ಹಲಗೆಯಾಚೆಯಿಂದ ಎಷ್ಟು ಸಲ ಕೇಳಿದ್ದೇನೋ. ಇಂಗ್ಲಿಷಿನಲ್ಲಿ ಪಾಠ ಶುರುಮಾಡಿ, ಆವೇಶ ಬಂದಾಗ ಹಳ್ಳಿಯ ಕನ್ನಡಕ್ಕೆ ಇಳಿಯುತ್ತಿದ್ದರು: "ದೇವ್ರು ಓಗು ಅಂದ್ರೆ ಓಗ್ಬೇಕು. ಅತ್ಕೊಂಡಾದ್ರೂ ಓಗ್ಬೇಕು. ಅವನೇ ಕಣ್ರಲಾ ವೀರ."

ಐವತ್ತರ ದಶಕ ಮುಗಿಯುವ ಹೊತ್ತಿಗೆ ಬಿಳಿಯ ಅಧಿಕಾರಿಗಳು ಒಬ್ಬೊಬ್ಬರಾಗಿ ಊರು ಬಿಟ್ಟರು. ಲ್ಯಾಟಿನ್ ತರಗತಿಯಲ್ಲಿ ಉಳಿದವಳು ಆಂಡರ್ಸನ್‌ಪೇಟೆಯ ಡೇಸಿ ಒಬ್ಬಳೇ. ಅವಳ ತಂದೆ ಗಣಿಯ ಆಳದಲ್ಲಿ ಮೇಲ್ವಿಚಾರಕರಾಗಿ ದುಡಿದು, ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಹಾಸಿಗೆ ಹಿಡಿದಿದ್ದರು. ಡಿಸೆಂಬರಿನಲ್ಲಿ ನಡೆಯುವ ಶಾಲೆಯ ಕೊನೆಯ ಪರೀಕ್ಷೆ ಪಾಸಾದರೆ ಅವಳಿಗೊಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಕೊಡುವುದಾಗಿ ಮಾತಾಗಿತ್ತು. ಮನೆ ನಡೆಯಬೇಕಾದ್ದು ಅದರಿಂದಲೇ. ಕೊನೆಯ ವರ್ಷ ವಿಷಯ ಬದಲಿಸುವಂತಿರಲಿಲ್ಲ, ಹತ್ತಿರದಲ್ಲಿ ಲ್ಯಾಟಿನ್ ಕಾವ್ಯ ಪಾಠ ಹೇಳಬಲ್ಲವರು ಇನ್ನೊಬ್ಬರಿರಲಿಲ್ಲ.

ಆ ಜೂನಿನಲ್ಲೇ ಮದರಾಸಿನ ಒಂದು ಕಾಲೇಜಿನಿಂದ ಕಾಗದ ಬಂತು. ಲ್ಯಾಟಿನ್ ಅಧ್ಯಾಪಕರ ಹುದ್ದೆ. ಹದಿನೈದು ದಿನದೊಳಗೆ ಬಂದು ಸೇರಬೇಕು. ಮೇಷ್ಟ್ರು ಎಷ್ಟೋ ವರ್ಷಗಳಿಂದ ಅಂಥ ಕಾಗದಕ್ಕಾಗಿಯೇ ಕಾಯುತ್ತಿದ್ದರು. ಅವರಿಗಿಂತ ನಾನೇ ಹೆಚ್ಚು ಹಿಗ್ಗಿ, ಶಾಲೆಗೆಲ್ಲ ಮೈಸೂರುಪಾಕು ಹಂಚಿದೆ. ಅವರು ಮೂರು ದಿನ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿ, ಜನವರಿಯಲ್ಲಿ ಬರುತ್ತೇನೆ ಎಂದು ಬರೆದರು. ಕಾಲೇಜಿನವರು ಕಾಯಲಿಲ್ಲ, ಬೇರೆಯವರನ್ನು ತೆಗೆದುಕೊಂಡರು.

ನನಗೆ ತಡೆಯಲಾರದ ಸಿಟ್ಟು ಬಂತು. ನಿಮ್ಮ ವೀರ ಅತ್ತುಕೊಂಡಾದರೂ ಹೋಗುತ್ತಾನಲ್ಲ, ನಿಮಗೇನಾಗಿತ್ತು ಎಂದು ರೈಲಿನಲ್ಲಿ ಎಲ್ಲರೆದುರೇ ಕೇಳಿಬಿಟ್ಟೆ.

"ಅವನು ವೀರ ಸಾರ್, ನಾನು ಮೇಷ್ಟ್ರು," ಎಂದರು. "ಆ ಮಗೀನ ನಡುನೀರಲ್ಲಿ ಬಿಟ್ಟು ಓಗಾಕೆ ಕಾಲು ಬರ್ಲಿಲ್ಲ."

ಒಂದು ತಿಂಗಳು ನಾನು ಅವರ ಜೊತೆ ಮಾತು ಬಿಟ್ಟೆ, ಬೇರೆ ಬೋಗಿಯಲ್ಲಿ ಕೂರತೊಡಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ತಂದೆಯ ಆರೈಕೆಗೆಂದು ಡೇಸಿ ದಿನವೂ ಶಾಲೆ ಮುಗಿದೊಡನೆ ಮನೆಗೆ ಓಡಬೇಕಿತ್ತು. ಮೇಷ್ಟ್ರು ಸಂಜೆಯ ರೈಲು ಬಿಟ್ಟು ಆಂಡರ್ಸನ್‌ಪೇಟೆಗೆ ನಡೆದುಹೋಗಿ, ಅವಳ ಮನೆಯ ಜಗಲಿಯ ಮೇಲೆ ಪಾಠ ಹೇಳುತ್ತಿದ್ದರು. ಒಳಗೆ ಕೆಮ್ಮು ಜೋರಾದಾಗ ಅವಳು ಎದ್ದುಹೋಗುತ್ತಿದ್ದಳು. ಇವರು ಅವಳು ಬರುವವರೆಗೆ ಪುಸ್ತಕದಲ್ಲಿ ಬೆರಳಿಟ್ಟು ಕಾಯುತ್ತಿದ್ದರು. ಡೇಸಿ ಪಾಸಾದಳು, ಕೆಲಸವೂ ಸಿಕ್ಕಿತು. ಮರುವರ್ಷ ಶಾಲೆಯಲ್ಲಿ ಲ್ಯಾಟಿನ್ ನಿಂತಿತು. ಮೇಷ್ಟ್ರಿಗೆ ಭೂಗೋಳ ಮತ್ತು ಡ್ರಿಲ್ಲು ಕೊಟ್ಟರು. ಪಂಚೆಯುಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡು, ಬಿಸಿಲಿನಲ್ಲಿ ಮಕ್ಕಳ ಸಾಲು ನೆಟ್ಟಗೆ ಮಾಡುತ್ತಿದ್ದ ಅವರನ್ನು ನೋಡಲಾಗದೆ ನಾನು ಕಿಟಕಿ ಮುಚ್ಚುತ್ತಿದ್ದೆ.

ಅವರನ್ನು ಕೊನೆಯ ಸಲ ಕಂಡದ್ದು ಅವರು ನಿವೃತ್ತರಾದ ದಿನ, ಬಂಗಾರಪೇಟೆಯ ಪ್ಲಾಟ್‌ಫಾರಂನಲ್ಲಿ. ಮರುವರ್ಷವೇ ತೀರಿಕೊಂಡರು, ನನಗೆ ಸುದ್ದಿ ಮುಟ್ಟಿದ್ದು ತಿಥಿಯಾದ ಮೇಲೆ. ನಿವೃತ್ತಿಯ ಆ ದಿನ, ವರ್ಷಗಟ್ಟಲೆ ಮನಸ್ಸಿನಲ್ಲೇ ಇದ್ದುದನ್ನು ಕೇಳಿದೆ: ಮದರಾಸಿಗೆ ಹೋಗದ್ದಕ್ಕೆ ಬೇಜಾರಿದೆಯೇ? ಇಲ್ಲ ಎನ್ನುತ್ತಾರೆಂದೇ ಎಣಿಸಿದ್ದೆ. ಎದುರಿನ ಪ್ಲಾಟ್‌ಫಾರಂನಲ್ಲಿ ಮದರಾಸಿನ ರೈಲು ನಿಂತಿತ್ತು. ಅದು ಹೊರಟು ಕೊನೆಯ ಬೋಗಿ ಮರೆಯಾಗುವವರೆಗೂ ಅವರು ಅದನ್ನೇ ನೋಡುತ್ತಿದ್ದರು.

"ಐತೆ ಸಾರ್. ಈ ರೈಲು ನೋಡ್ದಾಗೆಲ್ಲಾ ಐತೆ."

ನಾಳೆ ಮತ್ತೆ ಅಂಥದೇ ಕಾಗದ ಬಂದರೆ ಏನು ಮಾಡುತ್ತೀರಿ ಎಂದೆ.

"ಮಗು ಪರೀಕ್ಷೆ ಮುಗೀಲಿ, ಆಮೇಲೆ ಬತ್ತೀನಿ ಅಂತ ಬರೀತೀನಿ."