ಮುನಿಯಮ್ಮನವರು ಕಾಶಿಯಲ್ಲಿ ಬಿಡದೆ ಬಂದದ್ದು

ಯಾವ ಊರಲ್ಲಿ ಬಸ್ಸು ಇಳಿದರೂ ಮುನಿಯಮ್ಮನವರು ಮೊದಲು ಅಲ್ಲಿನ ನೀರನ್ನು ಅಂಗೈಯಲ್ಲಿ ಹಿಡಿದು ರುಚಿ ನೋಡುತ್ತಿದ್ದರು. ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು, ಆಮೇಲೆ ತೀರ್ಪು ಕೊಡುವರು. ಗೋರಖಪುರದ್ದು ಸಪ್ಪೆ. ಗಡಿ ದಾಟಿದ ಮೇಲೆ ನೇಪಾಳದ ಮೊದಲ ನಲ್ಲಿಯದ್ದು, "ಕಲ್ಲು ನೆಕ್ಕಿದಂಗೆ ತಣ್ಣಗದೆ ಕಣಮ್ಮ." ಪಟ್ಟಂದೂರು ಅಗ್ರಹಾರದಲ್ಲಿ ಅವರ ಹಳೇ ಮನೆಯ ಬಾವಿ ಇದ್ದ ಕಡೆ ಈಗ ಗಾಜಿನ ಕಟ್ಟಡ ನಿಂತಿದೆಯಂತೆ. ಆ ಬಾವಿಯ ರುಚಿಯನ್ನೇ ಎಲ್ಲ ಕಡೆ ಹುಡುಕುತ್ತಿದ್ದರೇನೋ.

ಮಹದೇವಪುರದಿಂದ ಕಾಶಿ, ನೇಪಾಳ ಯಾತ್ರೆಗೆ ಹೊರಟ ಗುಂಪಿನಲ್ಲಿ ನನಗೆ ಅವರ ಪಕ್ಕದ ಸೀಟು ಸಿಕ್ಕಿತು. ಯಜಮಾನರಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗದೆ ಒಬ್ಬಳೇ ಹೋಗಿದ್ದೆ. ಮಂಡಿ ನೋಯಲಿಲ್ಲ, ಕೂರಲು ಕಿಟಕಿ ಪಕ್ಕ, ಜೊತೆಗೆ ಇಂಥವರು. ದೇವರು ಕೊಟ್ಟದ್ದು ಕಡಿಮೆಯೇನಲ್ಲ.

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ಕಾಯೋ ಹಣ್ಣೋ ಗಂಗೆಯಲ್ಲಿ ಬಿಟ್ಟು ಬರಬೇಕು, ಮತ್ತೆ ಅದನ್ನು ತಿನ್ನಬಾರದು. ನಾನು ಸೀಮೆಬದನೆಕಾಯಿ ಬಿಟ್ಟೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ. ಮುನಿಯಮ್ಮನವರು ನಕ್ಕುಬಿಟ್ಟರು. "ಗಂಗಮ್ಮಂಗೂ ಬೇಡದ್ದೇ ಕೊಟ್ಟೆಯಲ್ಲಮ್ಮ." ಅವರು ಮಾತ್ರ ಮೂರು ಸಲ ಮುಳುಗಿ, ಏನೂ ಬಿಡದೆ ಮೆಟ್ಟಿಲು ಹತ್ತಿದರು. ಯಾಕೆಂದು ಕೇಳಿದರೆ ಒದ್ದೆ ಸೆರಗು ಹಿಂಡತೊಡಗಿದರು.

ಉತ್ತರ ಬಂದದ್ದು ನೇಪಾಳದಲ್ಲಿ, ಪೋಖರಾದ ಕೆರೆಯಲ್ಲಿ. ಬೆಳಗಿನ ಮಂಜು. ದೋಣಿ ಸಾಗುತ್ತಿತ್ತೋ ನಿಂತಿತ್ತೋ ತಿಳಿಯದು. ಕೆರೆ ನಡುವಿನ ದೇವಿ ಗುಡಿಯ ಗಂಟೆ ಎಲ್ಲಿಂದಲೋ ಕೇಳುತ್ತಿತ್ತು. ಮಂಜು ಸರಿದ ಕಡೆ ಹಿಮದ ಬೆಟ್ಟ ಆಕಾಶದಲ್ಲೂ ಇತ್ತು, ನೀರಲ್ಲೂ ಇತ್ತು. ಅಂಥ ಹೊತ್ತಿನಲ್ಲಿ ಅವರು ತಂಗಿಯ ಮಾತು ತೆಗೆದರು. ಪಿಳ್ಳಮ್ಮ ಅಂತ, ಅದೇ ಊರು, ಎರಡು ಬೀದಿ ಆಚೆ. ತಾಯಿ ಸತ್ತದ್ದು ಅವಳ ಮನೆಯಲ್ಲಿ. ಇವರು ಆಗ ಪರವೂರಿನಲ್ಲಿದ್ದರು, ಸುದ್ದಿ ಮುಟ್ಟುವಷ್ಟರಲ್ಲಿ ಇವರಿಗೆ ಕಾಯದೆ ಮಣ್ಣು ಮಾಡಿಯಾಗಿತ್ತು. ಅಂದಿನಿಂದ ಒಂಬತ್ತು ವರ್ಷ ಮಾತಿಲ್ಲ.

"ಕಾಶೀಲಿ ಆ ಸಿಟ್ಟು ಬಿಡಾನ ಅಂತ್ಲೇ ಓಗಿದ್ದೆ ಕಣಮ್ಮ. ಬಾಯೇ ಬರ್ಲಿಲ್ಲ. ಅದನ್ನ ಬಿಟ್ರೆ ಅಮ್ಮನ್ನೇ ಬಿಟ್ಟಂಗೆ ಅನ್ನುಸ್ತು."

ಗಂಗೆ ಅಲ್ಲದಿದ್ದರೇನು, ಈ ಗುಡಿಯಲ್ಲೂ ತಾಯಿ ಇದ್ದಾಳಲ್ಲ, ಇಲ್ಲೇ ಬಿಡಿ ಎಂದೆ. ಅವರು ತುಂಬ ಹೊತ್ತು ಕೆರೆಯೊಳಗೆ ಕೈ ಇಳಿಬಿಟ್ಟುಕೊಂಡು ಕೂತಿದ್ದರು. ಬಿಟ್ಟರೋ ಇಲ್ಲವೋ, ನಾನು ಕೇಳಲಿಲ್ಲ.

ಊರಿಗೆ ಬಂದ ಮೇಲೆ ಫೋನಿನಲ್ಲಿ ಎರಡು ಸಲ ಮಾತಾಡಿದೆವು, ಬರೀ ಯೋಗಕ್ಷೇಮ. ಮರುವರ್ಷ ಅವರು ಹೋಗಿಬಿಟ್ಟ ಸುದ್ದಿ ಯಾತ್ರೆಯ ಗುಂಪಿನವರಿಂದ ತಿಳಿಯುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಅಗ್ರಹಾರಕ್ಕೆ ಹೋದೆ. ಮುನಿಯಮ್ಮನವರ ಮನೆಯ ಜಗಲಿಯ ಮೇಲೆ ಅದೇ ಹಣೆ, ಅದೇ ಮೂಗಿನ ಇನ್ನೊಬ್ಬ ಹೆಂಗಸು ಕೂತಿದ್ದರು. ಪಿಳ್ಳಮ್ಮನವರೇ. ಯಾತ್ರೆಯಲ್ಲಿ ಜೊತೆಗಿದ್ದವಳು ಎಂದೊಡನೆ ಅವರಾಗಿಯೇ ಹೇಳಿದರು.

"ಬಂದ ಮಾರ್ನೇ ದಿನ ನಮ್ಮ ಬಾಗ್ಲಿಗೆ ಬಂದ್ಲು. ಒಂದು ಮಾತೂ ಆಡ್ಲಿಲ್ಲ. ನನ್ನ ಕೂರುಸ್ಕೊಂಡು ತಲೆಗೆ ಎಣ್ಣೆ ಅಚ್ಚಿ ಜಡೆ ಆಕುದ್ಲು. ಅಮ್ಮ ಆಕ್ತಿದ್ದಂಗೆ, ಬಿಗಿಯಾಗಿ. ಸಾಯೋ ತಂಕ ದಿನಾ ಬಂದ್ಲು."

ಅವರ ನರೆಗೂದಲು ಬಾಚದೆ ಬೆನ್ನ ಮೇಲೆ ಹರಡಿತ್ತು. ನಾನು ಹಿಂದೆ ಹೋಗಿ ಕೂತು, ಎಣ್ಣೆ ಬಟ್ಟಲು ಎಲ್ಲಿದೆ ಎಂದು ಕೇಳಿದೆ.