ದೊಡ್ಡವ್ವ ನಿಂತರೆ ಹೊಸಪೇಟೆ

ಮೊನ್ನೆ ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೊರಟ ಬಸ್ಸಿನಲ್ಲಿ ಡ್ರೈವರು ರೇಡಿಯೋ ಹಚ್ಚಿದ್ದ. ಅರ್ಧ ದಾರಿಯ ತನಕ ಹಾಡು ಚೆನ್ನಾಗಿಯೇ ಬರುತ್ತಿತ್ತು. ಕೊಟ್ಟೂರು ಹತ್ತಿರವಾದಂತೆ ಹಾಡಿನ ನಡುವೆ ಒಬ್ಬ ಗಂಡಸು ದನಗಳ ಕಾಲುಬಾಯಿ ಬೇನೆಯ ಬಗ್ಗೆ ಮಾತಾಡತೊಡಗಿದ. ಹಾಡುವವಳೂ ಬಿಡಲಿಲ್ಲ, ಬೇನೆಯವನೂ ಬಿಡಲಿಲ್ಲ. ಡ್ರೈವರು ರೇಡಿಯೋದ ತಲೆಗೊಂದು ಕುಟ್ಟಿ ಬಂದ್ ಮಾಡಿದ. ಉಳಿದವರು ತಮ್ಮ ಪಾಡಿಗೆ ತೂಕಡಿಸಿದರು. ನಾನು ಮಾತ್ರ ದೊಡ್ಡವ್ವನ ನೆನಪಾಗಿ ಒಬ್ಬನೇ ನಗುತ್ತ ಕೂತೆ. ಪಕ್ಕದವರು ಸ್ವಲ್ಪ ಸರಿದು ಕೂತರು.

ನಾನು ಕಾಲೇಜು ಓದಿದ್ದು ಕೊಟ್ಟೂರಿನಲ್ಲಿ, ದೊಡ್ಡಪ್ಪನ ಮನೆಯಲ್ಲಿ ಇದ್ದುಕೊಂಡು. ಓದಿದ್ದಕ್ಕಿಂತ ಇದ್ದದ್ದೇ ಹೆಚ್ಚು ಅಂತ ಅಂಕಪಟ್ಟಿ ಹೇಳುತ್ತದೆ, ಅದಿರಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದೊಡ್ಡಪ್ಪ ಮೆಕ್ಕೆಜೋಳದ ವ್ಯಾಪಾರಿ. ಪಡಸಾಲೆಯ ಗೂಡಿನಲ್ಲಿ ಅವನದೊಂದು ರೇಡಿಯೋ. ಮಧ್ಯಾಹ್ನ ಊಟದ ಹೊತ್ತಿಗೆ ಹೊಸಪೇಟೆ ಸ್ಟೇಷನ್ನಿನಿಂದ ಪೇಟೆ ಧಾರಣೆ ಬರುತ್ತಿತ್ತು. ಅದನ್ನು ಕೇಳಲು ಓಣಿಯ ವ್ಯಾಪಾರಿಗಳೆಲ್ಲ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ನಿಮಗೊಂದು ಗುಟ್ಟು ಹೇಳುತ್ತೇನೆ: ಆ ಧಾರಣೆ ಹಿಂದಿನ ದಿನದ್ದು. ನಿನ್ನೆ ಹರಪನಹಳ್ಳಿ ಪೇಟೆಯಲ್ಲಿ ಇವರೇ ಕೂಗಿದ ದರವನ್ನು ಇವತ್ತು ರೇಡಿಯೋ ಇವರಿಗೇ ಹೇಳುತ್ತಿತ್ತು. ಆದರೂ ರೇಡಿಯೋ ಹೇಳುವ ತನಕ ಇವರಿಗೆ ತಮ್ಮ ಮಾತಿನ ಮೇಲೆ ತಮಗೇ ನಂಬಿಕೆ ಇರುತ್ತಿರಲಿಲ್ಲ. ಕೇಳಿದ ಮೇಲೆ ದೊಡ್ಡಪ್ಪ ಸುತ್ತ ನೋಡಿ, "ನಾ ಹೇಳಿದ್ದಿಲ್ಲೇನ್ರಿ?" ಅನ್ನುತ್ತಿದ್ದ. ಎಲ್ಲರೂ ತಲೆದೂಗುತ್ತಿದ್ದರು.

ಆಗ ಹೊಸಪೇಟೆ ಸ್ಟೇಷನ್ನು ಸಣ್ಣಗೆ ಬರುತ್ತಿತ್ತು, ಆದರೆ ಒಂದೇ ಬರುತ್ತಿತ್ತು. ಅಷ್ಟರಲ್ಲಿ ಯಾರಿಗೋ ನಮ್ಮ ಮೇಲೆ ಕರುಣೆ ಹುಟ್ಟಿ, ದಕ್ಷಿಣದ ಕಡೆ ಒಂದು ಗುಡ್ಡದ ಮೇಲೆ ಮರುಪ್ರಸಾರದ ಕಂಬ ನೆಟ್ಟರು. ದೂರದ ಇನ್ನೊಂದು ಸ್ಟೇಷನ್ನನ್ನು ಹಿಡಿದು ನಮ್ಮ ಕಡೆ ತೂರುವುದು ಅದರ ಕೆಲಸ. ಹಾರ, ಶಾಲು, ಭಾಷಣ ಎಲ್ಲ ಆದವು. ರೇಡಿಯೋದ ಮುಳ್ಳು ಓಡುವ ಪಟ್ಟಿಯ ಮೇಲೆ ಹಳೆಯದಕ್ಕೂ ಹೊಸದಕ್ಕೂ ಕೂದಲೆಳೆಯ ಅಂತರ. ಎರಡೂ ಸರಿಸಮ ಬಲದಿಂದ ಕೊಟ್ಟೂರಿಗೆ ಬಂದು ಒಂದರ ಮೇಲೊಂದು ಬಿದ್ದವು. ಸಣ್ಣಗೆ ಒಂದು ಕೇಳುತ್ತಿದ್ದ ಊರಿಗೆ ಜೋರಾಗಿ ಎರಡು ಬಂದು ಒಂದೂ ಕೇಳದಂತಾಯಿತು. ಇದಕ್ಕೆ ಸೌಲಭ್ಯ ಎಂದು ಹೆಸರು.

"ಮೆಕ್ಕೆಜೋಳ, ಗರಿಷ್ಠ ಬೆಲೆ" ಎನ್ನುವಷ್ಟರಲ್ಲಿ ಹೊಸ ಸ್ಟೇಷನ್ನಿನ ನಾಟಕದ ಹೆಂಗಸೊಬ್ಬಳು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಕಾಳಿನ ಕೊಟ್ರಪ್ಪ ಎಂಬ ವ್ಯಾಪಾರಿ ಗಾಬರಿಯಾಗಿ, "ರೇಟು ಭಾಳ ಬಿದ್ದಂಗ ಕಾಣತೈತ್ರಿ" ಅನ್ನುತ್ತಿದ್ದ.

ಸ್ಟೇಷನ್ನಿಗೆ ಅರ್ಜಿ ಹೋಯಿತು. ಒಬ್ಬ ಸಾಹೇಬರು ಪೆಟ್ಟಿಗೆಯಂಥ ಯಂತ್ರ ಹಿಡಿದು ಬಂದರು. ನಮ್ಮ ಪಡಸಾಲೆಯಲ್ಲೇ ಕೂತು ಮಂಡಕ್ಕಿ, ಮಿರ್ಚಿ ತಿಂದರು. ಯಂತ್ರವನ್ನು ಆ ಕಡೆ ಈ ಕಡೆ ತಿರುಗಿಸಿ, "ಎರಡೂ ಕಡೆ ಏನೂ ತಪ್ಪಿಲ್ಲ. ನಿಮ್ಮ ಊರು ನಡುವೆ ಇದೆ, ಅದೇ ತೊಂದರೆ" ಎಂದರು. ಊರನ್ನು ಬೇರೆ ಕಡೆ ಇಡಬೇಕಾಗಿತ್ತು ಎಂಬಂತೆ ನಮ್ಮನ್ನು ನೋಡಿದರು. ದೊಡ್ಡಪ್ಪ ನಾಚಿಕೊಂಡು ಇನ್ನೆರಡು ಮಿರ್ಚಿ ಹಾಕಿಸಿದ.

ಮದ್ದು ಸಿಕ್ಕಿದ್ದು ಮನೆಯಲ್ಲೇ. ವ್ಯಾಪಾರಿಗಳು ಕೂತಾಗ ದೊಡ್ಡವ್ವ ಪಡಸಾಲೆಗೆ ಬರುವ ಪದ್ಧತಿ ಇರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ಕಡ್ಡಿಪೆಟ್ಟಿಗೆ ತೀರಿತ್ತು. ರೇಡಿಯೋ ಪಕ್ಕ ಇನ್ನೊಂದಿತ್ತು. ಅವಳು ಸೆರಗು ಎಳೆದುಕೊಂಡು ಗೋಡೆಗುಂಟ ಬಂದು ಗೂಡಿಗೆ ಕೈ ಹಾಕಿದಳು. ಕೈ ರೇಡಿಯೋದ ಏರಿಯಲ್‌ಗೆ ತಾಕಿತು. ಅಳುವ ಹೆಂಗಸು ಮಾಯವಾಗಿ, ಸೂರ್ಯಕಾಂತಿಯ ದರ ಗಂಟೆ ಹೊಡೆದಂತೆ ಕೇಳಿತು. ಕೈ ತೆಗೆದಳು, ಮತ್ತೆ ಅಳು. ಹಿಡಿದಳು, ಶೇಂಗಾ.

ಆಮೇಲೆ ಎಲ್ಲರೂ ಹಿಡಿದು ನೋಡಿದರು. ದೊಡ್ಡಪ್ಪ ಹಿಡಿದರೆ ನಾಟಕ. ಕೊಟ್ರಪ್ಪ ಹಿಡಿದರೆ ಬರೀ ಗೊರಗೊರ. ನಾನು ಹಿಡಿದರೆ ಅದೂ ಇಲ್ಲ. ನಾನು ಕೈ ಹಾಕಿದ್ದು ಸದ್ದಿಲ್ಲದೆ ನಿಂತುಹೋಗುವುದು ಮುಂದೆ ನೌಕರಿಯಲ್ಲೂ ಕಂಡುಬಂತು. ಎದುರುಮನೆಯ ವಿಜ್ಞಾನದ ಮೇಷ್ಟ್ರು ಬಂದು, "ಆಕಿ ಬರಿಗಾಲಾಗ ಅದಾಳ, ಭೂಮಿಗೆ ಕನೆಕ್ಷನ್ ಆಗೈತಿ" ಎಂದು ವಿವರಿಸಿ, ತಾವೂ ಬೂಟು ಬಿಚ್ಚಿ ನಿಂತರು. ನಾಟಕ ಇನ್ನಷ್ಟು ಸ್ಪಷ್ಟವಾಯಿತು. "ಬಳಿ ಇರಬೇಕ್ರಿ" ಅಂದ ಕೊಟ್ರಪ್ಪ. ಒಂದು ಡಜನ್ ಹಸಿರು ಬಳೆ ತಂದು ಏರಿಯಲ್ಲಿಗೆ ತೊಡಿಸಿದೆವು. ಏರಿಯಲ್ಲು ಮುತ್ತೈದೆಯಾಗಿ ಬಾಗಿತು, ಸ್ಟೇಷನ್ನು ಬರಲಿಲ್ಲ.

ಉಳಿದದ್ದು ಪದ್ಧತಿಯ ಪ್ರಶ್ನೆ. ಅದನ್ನು ಹಿರಿಯರೊಬ್ಬರು ಬಗೆಹರಿಸಿದರು: "ಗ್ವಾಡಿ ಕಡಿ ಮಾರಿ ಮಾಡಿ ನಿಂದರಲಿ ಬಿಡ್ರಿ, ಏನಾಕ್ಕೈತಿ." ಹೀಗೆ ದಿನಾ ಮಧ್ಯಾಹ್ನ ದೊಡ್ಡವ್ವ ಉಣ್ಣುವುದು ಬಿಟ್ಟು ಬಂದು, ಗೋಡೆಗೆ ಮುಖ ಮಾಡಿ, ಏರಿಯಲ್ ಹಿಡಿದು ನಿಲ್ಲತೊಡಗಿದಳು. ಮರ್ಯಾದೆಯೂ ಉಳಿಯಿತು, ಧಾರಣೆಯೂ ಉಳಿಯಿತು. ಅವಳ ಊಟ ಆರುತ್ತಿತ್ತು. ಅದರ ಬಗ್ಗೆ ಯಾರೂ ಅರ್ಜಿ ಹಾಕಲಿಲ್ಲ. ಆ ವರ್ಷ ನಾಗರಪಂಚಮಿಗೆ ತವರಿಗೆ ಕರೆಯಲು ಹಂಪಸಾಗರದಿಂದ ಅವಳ ಅಣ್ಣ ಬಂದ. "ದಿನಾ ಧಾರಣಿ ಐತಿ, ಮುಂದ ನೋಡೋಣಂತ" ಅಂದ ದೊಡ್ಡಪ್ಪ. ಅಣ್ಣ ತಂದ ಉಂಡಿ ಇಟ್ಟು ಒಬ್ಬನೇ ಹೋದ.

ಕಂಬ ಬರುವುದಕ್ಕೆ ಮುಂಚೆ ದೊಡ್ಡವ್ವ ಓಣಿಯ ಹೆಂಗಸರ ಜೊತೆ ಹೊಸಪೇಟೆಗೆ ಹೋಗಿ ಬೀಸುವ ಪದ ಹಾಡಿ ಬಂದಿದ್ದಳು. ಮುಂದಾಗಿ ಹಾಡಿದವಳು ಅವಳೇ. ಈಗ ಅದು ಇಂಥ ದಿನ ಸಂಜೆ ಬರುತ್ತದೆ ಎಂದು ಸ್ಟೇಷನ್ನಿನಿಂದ ಕಾರ್ಡು ಬಂತು. ತನ್ನ ದನಿಯನ್ನು ಹೊರಗಿನಿಂದ ಅವಳು ಎಂದೂ ಕೇಳಿದವಳಲ್ಲ. ಅವಳ ತವರು ಹಂಪಸಾಗರ ಹೊಳೆ ದಂಡೆಯ ಊರು. ಅಲ್ಲಿಗೆ ಹೊಸ ಕಂಬದ ಕಾಟವಿಲ್ಲ, ಹೊಸಪೇಟೆ ತಾನಾಗಿ ಬರುತ್ತದೆ. ಅಂದು ರಾತ್ರಿ ಬಡಿಸುತ್ತ ದೊಡ್ಡವ್ವ ಕೇಳಿದಳು:

"ಅವ್ವಗ ಕಣ್ಣು ಕಾಣಂಗಿಲ್ಲ, ಕಿವಿ ಚಲೋ ಅದಾವ. ಆಕಿ ಮಗ್ಗಲ ಕುಂತು ಕೇಳತೀನ್ರಿ. ಒಂದು ರಾತ್ರಿ ಇದ್ದು ಬರತೀನಿ."

"ಇಲ್ಲೇ ಕೇಳು," ಅಂದ ದೊಡ್ಡಪ್ಪ. "ನೀ ಹಿಡಕೊಂಡ್ರ ಇಲ್ಲೂ ಸ್ವಚ್ಛ ಬರತೈತಿ. ಮರುದಿನದ ಧಾರಣಿ ಯಾರು ಹಿಡೀತಾರ?"

ದೊಡ್ಡವ್ವ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನನಗೆ ಬೇಸರವಾಯಿತು, ಸಿಟ್ಟೂ ಬಂತು. ಸಿಟ್ಟಿನಲ್ಲಿ ನಾನೂ ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ಹಾಡು ಬರುವ ದಿನ ಮಧ್ಯಾಹ್ನ ಪಡಸಾಲೆ ತುಂಬಿತ್ತು. ದೊಡ್ಡವ್ವ ಎಂದಿನಂತೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಸೂರ್ಯಕಾಂತಿ ಆಯಿತು, ಶೇಂಗಾ ಆಯಿತು, ಬಿಳಿಜೋಳ ಆಯಿತು. ಇನ್ನು ಮೆಕ್ಕೆಜೋಳ ಎಂದು ಎಲ್ಲರೂ ಮುಂದಕ್ಕೆ ಬಾಗಿದಾಗ ಅವಳು ಏರಿಯಲ್ ಬಿಟ್ಟಳು. ನಾಟಕ ಶುರುವಾಯಿತು. ಅವಳು ತಿರುಗಿದಳು. ಅಷ್ಟು ತಿಂಗಳಲ್ಲಿ ಆ ವ್ಯಾಪಾರಿಗಳು ಅವಳ ಮುಖ ನೋಡಿದ್ದು ಅಂದೇ.

"ನಿನ್ನಿ ನೀವ ಕೂಗಿದ್ದ ರೇಟು ಇವತ್ತು ಕೇಳಾಕ ಕುಂತೀರಿ," ಅಂದಳು ಮೆತ್ತಗೆ. "ನನ್ನ ಹಾಡು ಇವತ್ತ ಐತಿ. ನಾ ಬಸ್ಸಿಗೆ ಹೋಕ್ಕೀನ್ರಿ."

ಕೊನೆಯ ಮಾತು ದೊಡ್ಡಪ್ಪನಿಗೆ. ಬಾಗಿಲ ಹಿಂದೆ ಚೀಲ ಕಟ್ಟಿಟ್ಟಿದ್ದಳು. ಅದನ್ನೆತ್ತಿಕೊಂಡು, ಚಾಪೆಯ ನಡುವೆಯೇ ದಾರಿ ಮಾಡಿಕೊಂಡು, ಮುಂಬಾಗಿಲಿನಿಂದ ಹೋದಳು. ಗಂಡಸರು ಕಾಲು ಮಡಿಚಿಕೊಂಡು ದಾರಿ ಬಿಟ್ಟರು. ಕೊಟ್ರಪ್ಪ, "ಹಂಗಾರ ಮೆಕ್ಕೆಜೋಳ ಎಷ್ಟಂತ್ರಿ?" ಎಂದು ಕೇಳಿದ. ಹಿಂದಿನ ದಿನ ಆ ದರ ಕೂಗಿದವನು ಅವನೇ.

ಸಂಜೆ ಹಾಡಿನ ಹೊತ್ತಿಗೆ ದೊಡ್ಡಪ್ಪ ಯಾರಿಗೂ ಹೇಳದೆ ಎದ್ದು ಹೋಗಿ ಏರಿಯಲ್ ಹಿಡಿದ. ಹೊಸ ಸ್ಟೇಷನ್ನೇ ಬಂತು. ಕೈ ಬದಲಿಸಿದ, ಚಪ್ಪಲಿ ಬಿಟ್ಟ, ಕೊನೆಗೆ ಗೋಡೆಗೆ ಮುಖ ಮಾಡಿಯೂ ನೋಡಿದ. ಕಾರ್ಯಕ್ರಮ ಮುಗಿಯುವ ತನಕ ಕೈ ಬಿಡಲಿಲ್ಲ. ಅವನಿಗೂ ಕೇಳಬೇಕೆಂದು ಆಸೆಯಿತ್ತು, ಪಾಪ. ಅವತ್ತು ಅವನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಒಂದು ರಾತ್ರಿ ಅಂದವಳು ವಾರ ಬಿಟ್ಟು ಬಂದಳು. "ಹೆಂಗ ಬಂತು ದೊಡ್ಡವ್ವ?" ಎಂದು ಕೇಳಿದೆ.

"ಸ್ವಚ್ಛ ಬಂತಪ್ಪ. ಅವ್ವ ನನ್ನ ಕೈ ಹಿಡಕೊಂಡಿದ್ದಳು. ಇಬ್ಬರೂ ಕುಂತ ಕೇಳಿದಿವಿ."

ಆಮೇಲೆ ಅವಳು ಏರಿಯಲ್ ಮುಟ್ಟಲಿಲ್ಲ, ದೊಡ್ಡಪ್ಪನೂ ಕರೆಯಲಿಲ್ಲ. ವ್ಯಾಪಾರಿಗಳು ಒಬ್ಬರನ್ನೊಬ್ಬರು ಕೇಳಿ ದರ ತಿಳಿದುಕೊಳ್ಳುವ ಸಂಕಟಕ್ಕೆ ಬಿದ್ದರು. ಮೆಕ್ಕೆಜೋಳ ಎಂದಿನಂತೆ ಮಾರಿಹೋಯಿತು.

ಮೊನ್ನೆ ಬಸ್ಸಿಳಿದವನು ಸೀದಾ ಅವಳ ಹತ್ತಿರ ಹೋದೆ. ದೊಡ್ಡವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಆ ಹಾಡನ್ನು ನಮ್ಮ ಮನೆಯಲ್ಲಿ ಯಾರೂ ಕೇಳಲೇ ಇಲ್ಲವಲ್ಲ, ಈಗ ಒಂದು ಸಲ ಹಾಡು, ಫೋನಿನಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ ಅಂದೆ. ಅವಳು ಕಲ್ಲು ಆರಿಸುತ್ತಲೇ ನಕ್ಕಳು. ಸಿಟ್ಟಿನ ನಗು ಅಲ್ಲ.

"ಹೊಸಪ್ಯಾಟಿಗೆ ಹೋಗಿ ನಾ ಹೊಸಾದೇನು ಹಾಡಿಲ್ಲಪ್ಪ. ದಿನಾ ಅಡಗಿ ಮಾಡತಾ ಹಾಡಿದ್ದನ್ನ ಹಾಡಿದೆ. ನನ್ನ ಹಾಡಿನಾಗ ಧಾರಣಿ ಕೇಳಸವಲ್ದು ಅಂತ ನೀವ ಅಡಗಿಮನಿ ಬಾಗಲಾ ಹಾಕ್ಕೊಂತಿದ್ರಿ."

ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.